ಮೊಂತಿ ಹಬ್ಬದ ಹೂ ಕ್ರಯಕ್ಕೆ ತರ್ಬೇಡಿ ಮಾರಾಯ್ರೆ

ಬೆಳಗ್ಗೆ ಕಂಡದ್ದು ರಾತ್ರಿ ಹತ್ತು ಗಂಟೆ ಆದ್ರೂ ತಲೆಯಿಂದ ಇಳೀತಾ ಇಲ್ಲ, ಅದಕ್ಕೇ ಬರೀತಾ ಇದ್ದೇನೆ. ಉದ್ದ ಆಗ್ತದೆ, ಪುರುಸೊತ್ತಿಲ್ಲದವರು ಬಿಟ್ಟುಬಿಡಿ, ಬೇಜಾರಿಲ್ಲ.

ಇವತ್ತು ನೊವೆನದ, ಅಂದ್ರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಯ, ಆರನೇ ದಿನ. ಆರೂವರೆಯ ಪೂಜೆಗೆ ನಾನು, ಮಗಳು, ಮಗ ಇಗರ್ಜಿಯ (ಚರ್ಚಿನ) ಗೇಟಿನ ಹತ್ರ ಸ್ಕೂಟರ್ ನಿಲ್ಲಿಸ್ತಾ ಇದ್ದೆವು, ಪಕ್ಕದಲ್ಲಿ ಒಂದು ಕಾರು ಬಂತು. ಅದ್ರಿಂದ ಒಬ್ಬರು ಅಮ್ಮ ಇಳಿದ್ರು, ಹಿಂದೆ ಆರೇಳು ವರ್ಷದ ಹುಡುಗ, ಪಾಪ ಕಣ್ಣಲ್ಲಿ ಇನ್ನೂ ನಿದ್ದೆ. ಅಮ್ಮ ಸೀಟಿನ ಮೇಲಿಂದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ತೆಗೆದ್ರು, ಹಲ್ಲಲ್ಲಿ ಕಚ್ಚಿ ಹರಿದ್ರು, ಹಳದಿ ಸೇವಂತಿಗೆಯನ್ನು ಅವನ ಬುಟ್ಟಿಗೆ ಸುರಿದ್ರು. ಹುಡುಗ ಬುಟ್ಟಿ ನೋಡಿ ಕೇಳಿದ, ಇದು ಎಲ್ಲಿಯ ಹೂ ಮಮ್ಮಾ ಅಂತ. ಅಂಗಡಿದ್ದು, ಬೇಗ ನಡಿ, ವ್ಯಾನ್ ಬರ್ತದೆ ಮತ್ತೆ.

ಅಷ್ಟೇ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ ಹೊರಡಿಸುವುದು ಎಂತದ್ದು ಅಂತ ನನಗೂ ಗೊತ್ತುಂಟು. ಆದ್ರೆ ಒಳಗೆ ಹೋಗಿ ಮಕ್ಕಳ ಸಾಲು ನೋಡಿದ್ರೆ ಅರ್ಧಕ್ಕರ್ಧ ಬುಟ್ಟಿಯಲ್ಲಿ ಅದೇ ಹಳದಿ ಸೇವಂತಿಗೆ, ಘಟ್ಟದ ಮೇಲಿಂದ ಲಾರಿಯಲ್ಲಿ ಬಂದದ್ದು. ನಾನು ಎಣಿಸಿದೆ. ಪೂಜೆಯಲ್ಲಿ ಎಣಿಸ್ಲಿಕ್ಕೆ ಬಾರದು, ಆದ್ರೂ ಎಣಿಸಿದೆ. ಸೋಣ ತಿಂಗಳು ಇದು, ಮಳೆ ಸ್ವಲ್ಪ ಕಡಿಮೆ ಆಗಿ ಬಿಸಿಲು ಬೀಳುವ ಸಮಯ, ನಮ್ಮ ಊರಲ್ಲಿ ಬೇಲಿ ಬೇಲಿಯಲ್ಲಿ ಹೂ ಇರುವ ತಿಂಗಳು. ಈ ತಿಂಗಳಲ್ಲಿ ನಾವು ಹೂವಿಗೆ ದುಡ್ಡು ಕೊಡುವುದಾ?

ನಮ್ಮವರಲ್ಲದ, ಅಂದ್ರೆ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲದ, ಫ್ರೆಂಡ್ಸ್‌ಗೆ ಸ್ವಲ್ಪ ಹೇಳ್ತೇನೆ. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ, ನಮಗೆ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಸರ್ಕಾರದ ಪರಿಮಿತ ರಜೆಯ ಪಟ್ಟಿಯಲ್ಲಿ ಕನ್ಯಾ ಮರಿಯಮ್ಮ ಜಯಂತಿ ಅಂತ ನೋಡಿರಬಹುದು, ಅದೇ ಇದು. ಅದಕ್ಕಿಂತ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನ, ದಿನಾ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಸಣ್ಣ ಮೂರ್ತಿಗೆ ಹಾಕುವುದು. ಹಬ್ಬದ ದಿನ ಹೊಸ ತೆನೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡ್ತಾರೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಗೆ ಬಂದು ಆ ತೆನೆಯ ಭತ್ತ ಸುಲಿದು ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿದು ಮತ್ತೆ ಬಾಳೆ ಎಲೆಯಲ್ಲಿ ಊಟ. ಅವತ್ತು ಮೀನಿಲ್ಲ ಮಾಂಸ ಇಲ್ಲ, ತರಕಾರಿ ಮಾತ್ರ, ಅದೂ ಬೆಸ ಲೆಕ್ಕದಲ್ಲಿ, ಮೂರು ಐದು ಏಳು ಒಂಬತ್ತು. ತೊಂಡೆಕಾಯಿಗೆ ಹಸಿ ಗೇರುಬೀಜ, ಬೆಂಡೆ, ಹೀರೆ, ಹರಿವೆ, ಕೆಸುವಿನ ದಂಟಿಗೆ ಅಂಬಟೆಕಾಯಿ, ಕೊನೆಗೆ ಹೆಸರುಬೇಳೆ ತೆಂಗಿನಹಾಲು ಬೆಲ್ಲದ ವೊರ್ನ್. ವರ್ಷಕ್ಕೆ 364 ದಿನ ಮೀನಿಲ್ಲದೆ ಊಟ ಇಳಿಯದ ನನ್ನ ಗಂಡ ಅವತ್ತು ಒಂದು ಮಾತು ಆಡದೆ ಕೆಸು ತಿನ್ತಾರೆ.

ನನ್ನನ್ನು ಬಲ್ಲವರಿಗೆ ಗೊತ್ತುಂಟು, ನಾನು ಫರಂಗಿಪೇಟೆ ಕಡೆಯವಳು. ನೇತ್ರಾವತಿ ದಡದ ಮೊಂತೆ ಮರಿಯಾನೊ ಇಗರ್ಜಿ ಇರುವ ಊರು, ಹಬ್ಬಕ್ಕೆ ಮೊಂತಿ ಅಂತ ಹೆಸರು ಬಂದದ್ದೇ ಅಲ್ಲಿಂದ ಅಂತ ನಮ್ಮ ಹಿರಿಯರು ಎದೆ ಉಬ್ಬಿಸಿ ಹೇಳುವುದು. ಗೋವಾದಿಂದ ಬಂದ ಫಾದರ್ ಜೋಕಿಂ ಮಿರಾಂಡಾ ಅಲ್ಲಿ 1763ರಲ್ಲಿ ಈ ಹಬ್ಬ ಶುರು ಮಾಡಿದ್ರು ಅಂತ ಹೇಳ್ತಾರೆ. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1784ರಲ್ಲಿ, ಟಿಪ್ಪು ನಮ್ಮವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ವಾಪಸ್ ಬಂದದ್ದು. ಜಮೀನು ಹೋಗಿತ್ತು, ಮನೆ ಹೋಗಿತ್ತು, ಇಗರ್ಜಿಗಳು ನೆಲಸಮ ಆಗಿದ್ದವು. ಅಂಥವರು ಮತ್ತೆ ಗದ್ದೆ ಮಾಡಿ, ಮತ್ತೆ ತೆನೆ ತಂದು, ಮತ್ತೆ ಮಕ್ಕಳ ಕೈಗೆ ಬುಟ್ಟಿ ಕೊಟ್ಟು ಈ ಹಬ್ಬವನ್ನು ನಮ್ಮ ತನಕ ಮುಟ್ಟಿಸಿದ್ದಾರೆ. ಆ ಮಕ್ಕಳ ಬುಟ್ಟಿಗೆ ಹೂ ಯಾವ ಅಂಗಡಿಯಿಂದ ಬರ್ಬೇಕು? ಬೇಲಿಯಿಂದಲೇ ಬಂದಿರ್ಬೇಕು, ಗದ್ದೆ ಬದುವಿನಿಂದ ಬಂದಿರ್ಬೇಕು.

ನಾವು ಸಣ್ಣದಿರುವಾಗ ಹಾಗೇ ಬರ್ತಾ ಇತ್ತು. ಐದು ಗಂಟೆಗೆ ಅಜ್ಜಿ ಎಬ್ಬಿಸುವುದು, ಇನ್ನೂ ಕತ್ತಲೆ, ಅಡಿಕೆ ಹಾಳೆಯಲ್ಲಿ ಮಾಡಿದ ಬುಟ್ಟಿ, ಒಂದು ಟಾರ್ಚು. ಮೊದಲ ದಿನ ಭಾರೀ ಸುಲಭ, ಅಂಗಳದಲ್ಲೇ ದಾಸವಾಳ, ಗೌರಿ ಹೂ, ನಂದಿಬಟ್ಟಲು, ಐದು ನಿಮಿಷದಲ್ಲಿ ಬುಟ್ಟಿ ತುಂಬ್ತಾ ಇತ್ತು. ಮೂರನೇ ದಿನಕ್ಕೆ ಅಂಗಳ ಖಾಲಿ. ಮತ್ತೆ ತೋಟದ ಬದಿಯ ಕೇಪುಳ, ರಥಪುಷ್ಪ, ಬೇಲಿಯ ಶಂಖಪುಷ್ಪ. ಆರನೇ ದಿನಕ್ಕೆ ಅದೂ ಮುಗೀತಿತ್ತು. ಅಲ್ಲಿಂದ ಆಚೆ ನಿಜವಾದ ಕಷ್ಟ. ಪಕ್ಕದ ಮನೆಯ ಅಕ್ಕನವರಿಗೂ ಅದೇ ತಿಂಗಳು ಹೂ ಬೇಕು, ಸೋಣದಲ್ಲಿ ಅವರು ದಿನಾ ಹೊಸ್ತಿಲ ಪೂಜೆ ಮಾಡುವವರು, ಅವರ ಗಿಡಕ್ಕೆ ನಾವು ಕೇಳದೆ ಕೈ ಹಾಕುವ ಹಾಗಿಲ್ಲ. ನಾನು ಹೋಗಿ ಕೇಳ್ಬೇಕು. ಅವರು ಎಣಿಸಿ ಹೊಸ್ತಿಲಿಗೆ ಬೇಕಾದ್ದು ಬದಿಗಿಟ್ಟು ಉಳಿದದ್ದು ಕೊಡ್ತಿದ್ರು, ಒಂದೊಂದು ದಿನ ಎರಡೇ ಡೇರೆ ಹೂ. ಆ ಎರಡನ್ನು ಬುಟ್ಟಿಯ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಹೋಗುವುದು.

ಇದನ್ನೇ ನಾನು ಹೇಳ್ಲಿಕ್ಕೆ ಹೊರಟದ್ದು. ಒಂಬತ್ತು ದಿನ ಅಂದ್ರೆ ಒಂದು ಮನೆಯ ಅಂಗಳದ ಹೂ ಮುಗಿಯುವಷ್ಟು ದಿನ. ಅದು ಮುಗಿದ ಮೇಲೆ ಮಗು ಎಂತ ಮಾಡ್ತದೆ ಅನ್ನುವಲ್ಲಿ ನೊವೆನ ಇರುವುದು. ಮೊದಲ ದಿನ ಎಲ್ಲ ಕೊಯ್ಯಬಾರದು ಅಂತ ಅದಕ್ಕೆ ತಿಳೀತದೆ, ಮೊಗ್ಗು ಬಿಡ್ಬೇಕು ಅಂತ ತಿಳೀತದೆ, ಯಾವ ಗಿಡದಲ್ಲಿ ನಾಳೆ ಅರಳ್ತದೆ ಯಾವುದರಲ್ಲಿ ನಾಡಿದ್ದು ಅಂತ ಸಂಜೆ ಹೋಗಿ ನೋಡಿ ಬಂದು ಮಲಗ್ತದೆ. ಇನ್ನೊಬ್ಬರ ಬಾಗಿಲಿಗೆ ಹೋಗಿ ಬಾಯಿ ಬಿಟ್ಟು ಕೇಳ್ಲಿಕ್ಕೆ ಕಲೀತದೆ. ಪ್ಯಾಕೆಟಿನ ಹೂವಿಗೆ ಇದು ಯಾವುದೂ ಇಲ್ಲ. ಒಂದನೇ ದಿನವೂ ಅದೇ ಪ್ಯಾಕೆಟ್, ಒಂಬತ್ತನೇ ದಿನವೂ ಅದೇ ಪ್ಯಾಕೆಟ್. ಮಗುವಿನ ಕೈಯಿಂದ ನಾವು ಹಬ್ಬವನ್ನೇ ತೆಗೆದುಕೊಂಡು ಬುಟ್ಟಿ ಮಾತ್ರ ಬಿಟ್ಟಿದ್ದೇವೆ.

ಇದನ್ನು ಬೆಳಗ್ಗೆ ಪೂಜೆ ಮುಗಿದ ಮೇಲೆ ಒಂದಿಬ್ಬರ ಹತ್ರ ಹೇಳಿದೆ. ಫ್ಲ್ಯಾಟಲ್ಲಿ ಇರುವವರು ಎಂತ ಮಾಡ್ಬೇಕು ಹೇಳು ಅಂತ ಕೇಳಿದ್ರು. ನಾನೂ ಫ್ಲ್ಯಾಟಲ್ಲೇ ಇರುವುದು ಮಾರಾಯ್ರೆ, ಮೂರನೇ ಮಹಡಿ, ನಾಲ್ಕು ಚಟ್ಟಿ ಇಡುವಷ್ಟು ಬಾಲ್ಕನಿ. ಕಾಂಪೌಂಡಿನ ಕೇಪುಳ ಯಾರದ್ದು? ಎಲ್ಲರದ್ದು. ರಸ್ತೆ ಬದಿಯ ತುಂಬೆ ಯಾರದ್ದು? ಕೆಳಗಿನ ಮನೆಯ ಆಂಟಿಯ ದಾಸವಾಳ ಕೇಳಿದ್ರೆ ಇಲ್ಲ ಅಂತಾರಾ? ಹಾವು ಇರ್ತದೆ, ಮಳೆ ಬರ್ತದೆ ಅಂದ್ರು, ಜೊತೆಗೆ ಹೋಗಿ, ಕೊಡೆ ಹಿಡೀರಿ. ಟೈಮಿಲ್ಲ ಅಂದ್ರು, ಹತ್ತು ನಿಮಿಷ. ಮೂರೇ ಹೂ ಸಿಕ್ಕಿದ್ರೆ ಮೂರೇ ಹಾಕ್ಲಿ, ಬುಟ್ಟಿ ತುಂಬ್ಬೇಕು ಅಂತ ಯಾವ ಫಾದರೂ ಹೇಳ್ಲಿಲ್ಲ.

ಹೂ ಮಾರುವವರೂ ಬದುಕ್ಬೇಕಲ್ಲ ಅಂತ ಒಬ್ಬರು ಹೇಳಿದ್ರು. ಅದು ಸರಿಯಾದ ಮಾತು, ಅದಕ್ಕೆ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹಬ್ಬದ ದಿನ ಮೆರವಣಿಗೆಗೆ, ಪೀಠದ ಅಲಂಕಾರಕ್ಕೆ ಧಾರಾಳ ತನ್ನಿ, ಚೌಕಾಸಿ ಮಾಡದೆ ತನ್ನಿ, ನಾನೂ ತರ್ತೇನೆ. ನವೆಂಬರ್ 2ಕ್ಕೆ ಸಮಾಧಿಗಳಿಗೆ ಹಾಕ್ಲಿಕ್ಕೆ ಅವರಿಂದಲೇ ತರುವುದು ನಾವು. ಮಕ್ಕಳ ಬುಟ್ಟಿ ಒಂದು ಬಿಟ್ಟುಬಿಡಿ.

ತೆನೆಯ ವಿಷಯಕ್ಕೆ ನಾನು ಜಗಳ ಮಾಡುವುದಿಲ್ಲ. ನಮ್ಮ ಮನೆಯ ಏಣೆಲಿನ (ಮಳೆಗಾಲದ ಬೆಳೆಯ) ಗದ್ದೆಯಲ್ಲಿ ಈಗ ಅಡಿಕೆ, ಅಣ್ಣನ ತಪ್ಪಲ್ಲ, ಕೆಲಸಕ್ಕೆ ಜನ ಇಲ್ಲ. ತೆನೆಯನ್ನು ದೂರದಿಂದ ತರಿಸ್ಬೇಕಾಗ್ತದೆ, ಚಟ್ಟಿಯಲ್ಲಿ ಗದ್ದೆ ಮಾಡ್ಲಿಕ್ಕಾಗುವುದಿಲ್ಲ, ಒಪ್ಪಿದೆ. ನನ್ನ ಅಪ್ಪ ದುಬೈಯಲ್ಲಿದ್ದಾಗ ಅಮ್ಮ ಪ್ರತಿ ವರ್ಷ ನಾಲ್ಕು ಕಾಳು ಹೊಸ ಭತ್ತವನ್ನು ಕಾಗದದ ಒಳಗೆ ಅಂಟಿಸಿ ಕಳಿಸ್ತಿದ್ರು, ಅದು ಮುಟ್ಟುವಾಗ ಹಬ್ಬ ಮುಗಿದು ಎಷ್ಟೋ ದಿನ ಆಗಿರ್ತಿತ್ತು, ಆದ್ರೂ ಅಪ್ಪ ರೂಮಿನವರನ್ನೆಲ್ಲ ಕೂರಿಸಿ ಹಾಲಿಗೆ ಹಾಕಿ ಕುಡೀತಿದ್ರಂತೆ. ಗದ್ದೆಯಿಂದ ದೂರ ಆದವರಿಗೆ ತೆನೆ ದೂರದಿಂದ ಬರುವುದೇ. ಹೂ ಹಾಗಲ್ಲ, ಹೂ ಇಲ್ಲೇ ಉಂಟು, ಕಾಂಪೌಂಡ್ ಗೋಡೆಯ ಆಚೆ ಉಂಟು, ಕೊಯ್ಯುವವರಿಲ್ಲದೆ ಉದುರಿ ಹೋಗ್ತಾ ಉಂಟು.

ಇನ್ನೊಂದು ಹೇಳ್ಬೇಕು. ಇದನ್ನು ನಾನು ಗಂಡನ ಹತ್ರವೂ ಹೇಳ್ಲಿಲ್ಲ ಇಷ್ಟು ವರ್ಷ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಹುಡುಗಿ ನೊವೆನಕ್ಕೆ ತುಂಬೆ ಹೂ ಮಾತ್ರ ತರ್ತಿದ್ದಳು. ಒಂಬತ್ತೂ ದಿನ. ಅವರಿಗೆ ಅಂಗಳ ಇರ್ಲಿಲ್ಲ, ಇನ್ನೊಬ್ಬರ ಜಾಗದಲ್ಲಿ ಇದ್ದವರು, ಅವಳ ಅಮ್ಮ ಬೀಡಿ ಕಟ್ತಿದ್ರು. ತುಂಬೆ ಹೂ ಗೊತ್ತಲ್ಲ, ಅಕ್ಕಿ ಕಾಳಿನಷ್ಟು ಬಿಳಿ ಹೂ, ಒಂದು ಮುಷ್ಟಿ ಆಗ್ಲಿಕ್ಕೆ ಅರ್ಧ ಗಂಟೆ ಕೊಯ್ಯಬೇಕು. ಅದು ಹಾರುವುದಿಲ್ಲ. ಅವಳು ಮರಿಯಮ್ಮನ ಕಡೆ ಎಸೆದದ್ದೆಲ್ಲ ಅವಳ ಕಾಲ ಮೇಲೇ ಬಿತ್ತು. ನಾನು ನಕ್ಕೆ. ನನ್ನ ಬುಟ್ಟಿಯಲ್ಲಿ ಡೇರೆ ಇತ್ತು, ನಾನು ಜೋರಾಗಿ ನಕ್ಕೆ, ನನ್ನ ಜೊತೆಗಿದ್ದವರೂ ನಕ್ಕರು. ಅವಳು ಬಗ್ಗಿ ಕಾಲ ಹತ್ರ ಬಿದ್ದದ್ದನ್ನು ಒಂದೊಂದೇ ಹೆಕ್ಕಿ, ಮುಂದೆ ಹೋಗಿ, ಮೂರ್ತಿಯ ಬುಡದಲ್ಲಿ ಇಟ್ಟು ಬಂದಳು. ಮರುದಿನವೂ ತುಂಬೆಯೇ ತಂದಳು. ಅಜ್ಜಿಗೆ ಗೊತ್ತಾಗಿ ನನಗೆ ಆ ವರ್ಷ ಕಬ್ಬು ಕೊಡ್ಲಿಲ್ಲ, ಅಂದ್ರೆ ಇಗರ್ಜಿಯಲ್ಲಿ ಸಿಕ್ಕಿದ ಕಬ್ಬನ್ನು ಕೈಯಿಂದ ತೆಗೆದು ಅವಳ ಮನೆಗೆ ಕೊಟ್ಟು ಬಾ ಅಂತ ಕಳಿಸಿದ್ರು. ನಾನು ಕೊಟ್ಟೆ, ಆದ್ರೆ ತಪ್ಪಾಯ್ತು ಅಂತ ಹೇಳ್ಲಿಲ್ಲ. ಅವಳು ಈಗ ಎಲ್ಲಿದ್ದಾಳೆ ಗೊತ್ತಿಲ್ಲ. ಇದನ್ನು ಓದಿದ್ರೆ, ತಪ್ಪಾಯ್ತು.

ಇವತ್ತು ಬೆಳಗ್ಗೆ ಆ ಸೇವಂತಿಗೆಯ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ನಿಂತಿದ್ದ, ಅವನ ಕೈಯಲ್ಲಿ ಬುಟ್ಟಿ ಇಲ್ಲ, ಕೆಸುವಿನ ಎಲೆಯಲ್ಲಿ ನಾಲ್ಕೈದು ಕೇಪುಳ ಮತ್ತೆಂತದೋ ಕಾಡು ಹೂ. ಮುಂದಿನವರ ಬುಟ್ಟಿ ನೋಡ್ತಾ ನೋಡ್ತಾ ಅವನು ಎಲೆಯನ್ನು ಮಡಚಿ ಹೂ ಒಳಗೆ ಮಾಡಿಕೊಂಡ, ಯಾರಿಗೂ ಕಾಣದ ಹಾಗೆ. ನನಗೆ ತಡೆಯಲಿಕ್ಕಾಗಲಿಲ್ಲ. ಎಲ್ಲರೂ ಕೊಯ್ದು ತಂದಾಗ ಡೇರೆಯವನು ಡೇರೆ ತರ್ತಾನೆ, ತುಂಬೆಯವನು ತುಂಬೆ ತರ್ತಾನೆ, ನಾಳೆ ಡೇರೆಯವನಿಗೂ ತುಂಬೆಯೇ ಸಿಕ್ಕೀತು, ಆರನೇ ದಿನ ದಾಟಿದ ಮೇಲೆ ಎಲ್ಲರ ಬುಟ್ಟಿಯೂ ಒಂದೇ ತರ ಆಗ್ತದೆ. ಅಂಗಡಿಯ ಹೂ ಬಂದಲ್ಲಿ ಹಾಗಾಗುವುದಿಲ್ಲ. ಕೊಯ್ದು ತಂದ ಮಗುವೇ ತಲೆ ತಗ್ಗಿಸಿ ನಿಲ್ತದೆ. ತನ್ನ ಕೈಯಿಂದ ಕೊಯ್ದು ತಂದದ್ದಕ್ಕೆ ಇಗರ್ಜಿಯ ಒಳಗೆ ಒಂದು ಮಗುವಿಗೆ ನಾಚಿಕೆ ಆಗ್ಬೇಕಾ? ಮರಿಯಮ್ಮನ ಎದುರು?

ನಾಳೆ ಏಳನೇ ದಿನ, ಟೀಚರ್ಸ್ ಡೇ ಬೇರೆ, ಅಂಗಡಿಯಲ್ಲಿ ಹೂವಿನ ರೇಟ್ ಏರಿರ್ತದೆ. ನಮ್ಮ ಬಾಲ್ಕನಿಯಲ್ಲಿ ಮಗಳು ಈಗ ಟಾರ್ಚ್ ಹಿಡಿದು ಎಣಿಸಿ ಬಂದಳು, ದಾಸವಾಳ ಎರಡು ಮೊಗ್ಗು, ಶಂಖಪುಷ್ಪ ಐದು. ತಮ್ಮನಿಗೆ ಪಾಲು ಮಾಡಿ ಆಯ್ತಂತೆ, ಅವನಿಗೆ ಮೂರು ಅವಳಿಗೆ ನಾಲ್ಕು, ಅವಳು ದೊಡ್ಡವಳಲ್ಲವಾ. ನಮ್ಮ ಕಾಂಪೌಂಡಿನ ಹಿಂದೆ ಖಾಲಿ ಸೈಟಿನಲ್ಲಿ ತುಂಬೆ ರಾಶಿ ಉಂಟು, ಮಾಲಿಕರ ಹತ್ರ ಸಂಜೆಯೇ ಕೇಳಿದ್ದೇನೆ, ಬನ್ನಿ ಅಂದಿದ್ದಾರೆ. ನಾವು ಐದೂ ಮುಕ್ಕಾಲಿಗೆ ಕೆಳಗೆ ಇರ್ತೇವೆ. ನಮ್ಮ ಇಗರ್ಜಿಯವರು ಯಾರು ಬೇಕಾದ್ರೂ ಮಕ್ಕಳನ್ನು ಕರ್ಕೊಂಡು ಬನ್ನಿ, ಕಾರಿನವರೂ ಬನ್ನಿ, ಆ ಕೆಸುವಿನ ಎಲೆಯ ಹುಡುಗ ಯಾರ ಮನೆಯವನು ಅಂತ ಗೊತ್ತಿದ್ದವರು ಅವನಿಗೂ ಹೇಳಿ. ಕೊಡೆ ಮರೀಬೇಡಿ, ಈಗ ಇಲ್ಲಿ ಸಣ್ಣಗೆ ಹನಿ ಶುರು ಆಯ್ತು.