ಸೋಫಾ ತೂಗಿದ ಕಥೆ

ಹೊಸ ಸೋಫಾ ಬಂದು ನಾಲ್ಕು ತಿಂಗಳಾಗಿತ್ತು. ಮಾವ ಬಂದು ಕೂತರು. ಕೂತರು ಅನ್ನೋದಕ್ಕಿಂತ ಇಳಿದರು ಅನ್ನಬೇಕು. ಮೊಣಕಾಲು ಗಲ್ಲದ ಹತ್ತಿರ ಬಂದಿತ್ತು. ಎಬ್ಬಿಸೋಕೆ ಇಬ್ಬರು ಬೇಕಾಯಿತು.

ಅಂಗಡಿಗೆ ಫೋನ್ ಮಾಡಿದೆ. "ವಾರಂಟಿ ಇರೋದು ಫ್ರೇಮಿಗೆ ಸಾರ್, ಫೋಮಿಗಲ್ಲ" ಎಂದರು. ಫ್ರೇಮು ಗಟ್ಟಿಯಾಗಿದ್ದದ್ದು ನಿಜ. ಮಾವನಿಗೆ ತಾಗಿದ್ದು ಅದೇ.

ಮಾರುವಾಗ ಮಾತ್ರ "40 ಡೆನ್ಸಿಟಿ ಫೋಮ್, ಕಣ್ಣುಮುಚ್ಚಿ ತಗೊಳ್ಳಿ" ಎಂದಿದ್ದರು. ಬಿಲ್ಲಿನಲ್ಲೂ ಬರೆದಿದ್ದರು. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗಬೇಕು. ಹಾಗಿದ್ದರೆ ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ತುಂಡು 40 ಗ್ರಾಂ ಬರಬೇಕು, ಅಲ್ವಾ? ಶಾಲೆಯ ಗಣಿತ ಕೊನೆಗೂ ಕೈಹಿಡಿಯಿತು ಅಂತ ಹಿಗ್ಗಿದೆ. ಜಿಪ್ ಎಳೆದು, ಸ್ಕೇಲಿಟ್ಟು ಗುರುತು ಹಾಕಿ, ತರಕಾರಿ ಚಾಕುವಿನಲ್ಲಿ ಕೊಯ್ದು, ಅಡುಗೆಮನೆಯ ತಕ್ಕಡಿ ಮೇಲಿಟ್ಟೆ. 22 ಗ್ರಾಂ! ಕಳ್ಳ ಸಿಕ್ಕಿಬಿದ್ದ. ಫೋಟೋ ತೆಗೆದು ಅಂಗಡಿಗೆ ಕಳಿಸಿದೆ.

ಐದೇ ನಿಮಿಷಕ್ಕೆ ಉತ್ತರ ಬಂತು. "ಗ್ರಾಹಕರೇ ಕತ್ತರಿಸಿದ ಸೋಫಾಗೆ ಯಾವ ವಾರಂಟಿಯೂ ಇರುವುದಿಲ್ಲ."

ಇನ್ನು ಕೋರ್ಟೇ ಗತಿ. ಸಣ್ಣ ಮೊತ್ತದ ಕೇಸಿಗೆ ವಕೀಲರೇ ಬೇಕೆಂದಿಲ್ಲ, ನಾವೇ ಮಾತಾಡಬಹುದು. ಮೂರು ರಾತ್ರಿ ಕನ್ನಡಿ ಮುಂದೆ ವಾದ ಮಾಡಿದೆ, ಮೂರೂ ಸಲ ಗೆದ್ದೆ. ನೋಟಿಸಿನ ಪ್ರತಿ, ತಾರೀಖಿರುವ ಫೋಟೋ, ಡಬ್ಬಿಯಲ್ಲಿ ಫೋಮ್ ತುಂಡು, ಎಲ್ಲ ಜೋಡಿಸಿಕೊಂಡು ಬಿಲ್ಲು ತೆಗೆದರೆ ಬರೀ ಬಿಳಿ ಕಾಗದ! ಅದು ಥರ್ಮಲ್ ಪೇಪರ್. ಅದರಲ್ಲಿ ಶಾಯಿಯೇ ಇರೋದಿಲ್ಲ, ಬಿಸಿ ತಾಗಿ ಅಕ್ಷರ ಮೂಡುತ್ತೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೇಗ ಮಾಸಿಯೂ ಹೋಗುತ್ತೆ. ಹಾಳಾಗಬಾರದು ಅಂತ ನಾನು ಜೋಪಾನವಾಗಿ ಇಟ್ಟಿದ್ದು ಪ್ಲಾಸ್ಟಿಕ್ ಕವರಿನಲ್ಲೇ.

ಕೋರ್ಟಿನ ವರಾಂಡದಲ್ಲಿ ಮುಖ ಬಿಳಿಚಿಕೊಂಡು ಕೂತಿದ್ದೆ. ಕಾಗದವೂ ಬಿಳಿ, ನಾನೂ ಬಿಳಿ. ಅಂಗಡಿಯವರು ಪಕ್ಕಕ್ಕೆ ಬಂದು ಮೆತ್ತಗೆ ಕೇಳಿದರು, "ಬಿಲ್ಲು ತಂದಿದ್ದೀರಾ ಸಾರ್?"

"ತಂದಿದ್ದೀನಿ" ಎಂದು ಜೇಬಿನಿಂದ ಅದರ ತುದಿ ತೋರಿಸಿದೆ. ಸುಳ್ಳೇನೂ ಹೇಳಲಿಲ್ಲ.

ಅವರು ನಿಟ್ಟುಸಿರು ಬಿಟ್ಟರು. "ಸುಮ್ನೆ ಯಾಕೆ ಜಗ್ಗಾಟ, ಅರ್ಧ ದುಡ್ಡು ವಾಪಸ್ ಕೊಡ್ತೀವಿ, ಇಲ್ಲೇ ಮುಗಿಸೋಣ."

ಇನ್ನೂ ಜಾಸ್ತಿ ಕೇಳೋಣ ಅನ್ನೋ ಆಸೆ ಒಂದು ಕ್ಷಣ ಬಂತು. ಜೇಬು ಮುಟ್ಟಿಕೊಂಡು ಸುಮ್ಮನಾದೆ.

ಸೋಫಾ ಈಗಲೂ ಮನೆಯಲ್ಲೇ ಇದೆ. ನಾನು ಕೊಯ್ದ ಗುಂಡಿಗೆ ಹಳೇ ಬಟ್ಟೆ ತುರುಕಿದ್ದೇವೆ. ಮಾವ ಬಂದಾಗೆಲ್ಲ ಹುಡುಕಿ ಅಲ್ಲೇ ಕೂರುತ್ತಾರೆ. ಇಡೀ ಸೋಫಾದಲ್ಲಿ ಗಟ್ಟಿ ಇರೋದು ಅದೊಂದೇ ಜಾಗವಂತೆ.