ಮೂರನೇ ದೀಪ

ನಮ್ಮ ಕ್ಯಾಷಿಯರ್ ಮೇಡಂಗೆ ಎಕ್ಸೆಲ್ ಮೇಲೆ ಮೊದಲಿನಿಂದಲೂ ಅನುಮಾನ. ಅದಕ್ಕೆ ಕಾರಣವೂ ಇದೆ. ನಮ್ಮದು ಸಣ್ಣದೊಂದು ಸಹಕಾರ ಸಂಘ. 2024ರಲ್ಲಿ ಬೆಳೆ ಸಾಲದ ಪಟ್ಟಿ ಮಾಡುವಾಗ ಮೇಡಂ ಒಬ್ಬ ರೈತರ ಸರ್ವೆ ನಂಬರ್ 12/3 ಅಂತ ಹೊಡೆದು ಎಂಟರ್ ಒತ್ತಿದರು. ಅದು ಮಾರ್ಚ್ 12 ಆಯಿತು. ಅಳಿಸಿ ಮತ್ತೆ ಹೊಡೆದರು. ಮತ್ತೆ ಮಾರ್ಚ್.

"ಸಾರ್, ಇದಕ್ಕೆ ಜಮೀನು ಗೊತ್ತಿಲ್ಲ, ಬರೀ ಕ್ಯಾಲೆಂಡರ್ ಗೊತ್ತು" ಅಂದರು.

ಕಚೇರಿಯಲ್ಲಿ ಕಂಪ್ಯೂಟರ್ ಬಗ್ಗೆ ಏನೇ ಬಂದರೂ ನನ್ನನ್ನೇ ಕರೆಯುತ್ತಾರೆ. ಹಿಂದೊಮ್ಮೆ ಪ್ರಿಂಟರಿನ ವೈರು ಸಡಿಲ ಆಗಿದ್ದನ್ನು ಕಂಡುಹಿಡಿದಿದ್ದೆ, ಅಷ್ಟೇ ನನ್ನ ವಿದ್ಯಾಭ್ಯಾಸ. ಗೊತ್ತಿರುವವನ ಹಾಗೆ ಮೌಸ್ ಹಿಡಿದು, ಫಾರ್ಮ್ಯಾಟ್‌ಗೆ ಹೋಗಿ, ಡೇಟ್ ತೆಗೆದು ಜನರಲ್ ಮಾಡಿದೆ. 45363 ಅಂತ ಬಂತು. ಎಕ್ಸೆಲ್ ತಾರೀಖುಗಳನ್ನೆಲ್ಲ 1900ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ, ಅದರ ಪ್ರಕಾರ ಆ ವರ್ಷದ ಮಾರ್ಚ್ 12 ಅಂದರೆ 45363 ಅಂತ ಆಮೇಲೆ ಓದಿ ತಿಳಿದುಕೊಂಡೆ. ಆ ಕ್ಷಣಕ್ಕೆ ಮಾತ್ರ ಎರಡು ಎಕರೆ ರೈತನಿಗೆ ಇಲ್ಲದ ಊರಿನ ಜಮೀನು ಬರೆದುಕೊಟ್ಟ ಹಾಗಾಯಿತು. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ, ಇಲ್ಲವೇ ಸಂಖ್ಯೆಯ ಮುಂದೆ ಒಂದು ಸಿಂಗಲ್ ಕೋಟ್ ಹಾಕಿದರೆ ಈ ಕಾಟ ಇಲ್ಲ.

ಮೇಡಂಗೆ ಸಮಾಧಾನ ಆಗಲಿ ಅಂತ ಇನ್ನೊಂದು ವಿಷಯ ಹೇಳಿದೆ. ಮನುಷ್ಯರ ಜೀನ್‌ಗಳಿಗೆ ವಿಜ್ಞಾನಿಗಳು ಮಾರ್ಚ್-1, ಸೆಪ್ಟ್-1 ಅಂತೆಲ್ಲ ಹೆಸರಿಟ್ಟಿದ್ದರು. ಎಕ್ಸೆಲ್ ಅವನ್ನೂ ಬಿಡದೆ ತಾರೀಖು ಮಾಡುತ್ತಿತ್ತು. ಕೊನೆಗೆ ಅವರು ಎಕ್ಸೆಲ್ ಜೊತೆ ಗುದ್ದಾಡೋದು ಬಿಟ್ಟು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. 2020ರಲ್ಲಿ ಅದು ಸುದ್ದಿಯೂ ಆಯಿತು.

"ಅವರಿಗೆ ಹೆಸರು ಬದಲಾಯಿಸೋ ಅಧಿಕಾರ ಇದೆ ಸಾರ್. ನಾನು ಸರ್ವೆ ನಂಬರ್ ಬದಲಾಯಿಸಿದ್ರೆ ಒಳಗೆ ಹಾಕ್ತಾರೆ."

ಇಂಥ ಮೇಡಂ ಒಂದು ಸೋಮವಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ಬಾಣದ ಕೀ ಒತ್ತಿದರೆ ಪಕ್ಕದ ಮನೆಗೆ ಹೋಗಬೇಕಾದ ಕರ್ಸರ್ ಇದ್ದಲ್ಲೇ ಇದೆ, ಅದರ ಬದಲು ಇಡೀ ಶೀಟೇ ಓಡುತ್ತಿದೆ. ಕೆಳಗಿನ ಬಾಣ ಒತ್ತಿದರೆ ರೈತರೆಲ್ಲ ಒಬ್ಬೊಬ್ಬರಾಗಿ ಮೇಲಿನಿಂದ ಮಾಯ.

ವೈರಸ್ ಅಂದರು ಮ್ಯಾನೇಜರ್ ಸಾಹೇಬ್ರು. ಅರ್ಥಿಂಗ್ ಸರಿ ಇಲ್ಲ ಅಂದರು ಅಕೌಂಟೆಂಟ್. ನಮ್ಮ ಕಚೇರಿಯಲ್ಲಿ ಫ್ಯಾನು ಕಿರುಗುಟ್ಟಿದರೂ ಅವರ ಪ್ರಕಾರ ಅರ್ಥಿಂಗೇ. ನಾನು ಕಂಪ್ಯೂಟರ್ ಅಂಗಡಿ ಹುಡುಗನಿಗೆ ಫೋನ್ ಮಾಡಿದೆ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್." ಮಾಡಿದೆವು. ಅಪ್‌ಡೇಟ್ ಬೇರೆ ಕಾದು ಕೂತಿತ್ತು. ಅದು ಶೇಕಡಾ 30ಕ್ಕೆ ಬಂದು ಧ್ಯಾನಕ್ಕೆ ಕೂತಿತು. ಮುಕ್ಕಾಲು ಗಂಟೆ ಆದಮೇಲೆ ಎದ್ದಾಗ ನೋಡಿದರೆ ಕರ್ಸರ್ ಸರಿಯಾಗಿದೆ! ಸಂಜೆ ಹೊತ್ತಿಗೆ ಶೀಟು ಮತ್ತೆ ಓಟ ಕಿತ್ತಿತು.

ಹೀಗೆ ಎರಡು ವಾರ ನಡೆಯಿತು. ಊಟಕ್ಕೆ ಮುಂಚೆ ಒಂದು ರೀಸ್ಟಾರ್ಟ್, ಊಟ ಆದಮೇಲೆ ಒಂದು. ಬಿಪಿ ಮಾತ್ರೆಯ ಹಾಗೆ.

ಮೇಲಿನವರು ಯಾರೋ ಬರುತ್ತಾರೆ ಅಂತ ಗೊತ್ತಾಗಿ ನಮ್ಮ ಅಟೆಂಡರ್ ಅಣ್ಣ ಒಂದು ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಎಲ್ಲವನ್ನೂ ಒರೆಸುತ್ತಾ ಬಂದ. ಮೇಡಂ ಕೀಬೋರ್ಡಿನ ಬಲಮೂಲೆಗೆ ಆಯುಧ ಪೂಜೆಯಲ್ಲಿ ಗಂಧ ಬಳಿದು ಕುಂಕುಮ ಇಟ್ಟಿದ್ದು ಹಾಗೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಲ್ಲಿ ಕೆರೆದ. ಕುಂಕುಮದ ಅಡಿಯಿಂದ ಸಣ್ಣ ಹಸಿರು ದೀಪ ಇಣುಕಿತು.

"ಸಾರ್, ಇಲ್ಲಿ ಮೂರು ದೀಪ ಇದೆ. ನಿಮ್ಮದರಲ್ಲಿ ಒಂದೇ ಉರೀತದೆ, ಮೇಡಂದರಲ್ಲಿ ಎರಡು. ಇದೇನಾದ್ರೂ ಇರಬಹುದಾ?"

ಅದೇ. ಸ್ಕ್ರಾಲ್ ಲಾಕ್.

ಈ ಕೀ 1981ರ ಐಬಿಎಂ ಪಿಸಿಯ ಕಾಲದಿಂದಲೂ ಕೀಬೋರ್ಡಿನಲ್ಲಿದೆ. ಬಾಣ ಒತ್ತಿದಾಗ ಕರ್ಸರ್ ಬದಲು ಪರದೆಯೇ ಸರಿಯಲಿ ಅನ್ನೋದು ಅದರ ಉದ್ದೇಶ. ಲೋಕದಲ್ಲಿ ಇವತ್ತು ಅದನ್ನು ಮುಟ್ಟುವವರೇ ಕಮ್ಮಿ. ಬಹಳಷ್ಟು ಸಾಫ್ಟ್‌ವೇರ್‌ಗಳು ಅದನ್ನು ಮರೆತೇಬಿಟ್ಟಿವೆ, ಎಕ್ಸೆಲ್ ಮಾತ್ರ ಹಳೇ ಮರ್ಯಾದೆ ಇಟ್ಟುಕೊಂಡಿದೆ. ಇನ್ನು ನಾವು. ನಮ್ಮಲ್ಲಿರುವ ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟುವ ಹೊಸ್ತಿಲೇ ಈ ಸ್ಕ್ರಾಲ್ ಲಾಕ್. ಮೇಡಂ ಕನ್ನಡದಲ್ಲಿ ಒಂದು ನೋಟಿಸ್ ಟೈಪ್ ಮಾಡುತ್ತಾರೆ, ಹೊಸ್ತಿಲು ದಾಟಿ ವಾಪಸ್ ಬರದೆ ಎಕ್ಸೆಲ್ ತೆರೆಯುತ್ತಾರೆ, ಶೀಟು ಓಡುತ್ತದೆ. ರೀಸ್ಟಾರ್ಟ್ ಮಾಡಿದರೆ ದೀಪ ಆರುತ್ತದೆ, ಮುಂದಿನ ನೋಟಿಸಿನವರೆಗೆ ಆರಾಮ.

ನಾಚಿಕೆಯ ಸಂಗತಿ ಇನ್ನೊಂದಿದೆ. ಎಕ್ಸೆಲ್ಲಿನ ಕೆಳಗಿನ ಎಡಮೂಲೆಯಲ್ಲಿ ಸ್ಕ್ರಾಲ್ ಲಾಕ್ ಅಂತ ಎರಡು ವಾರದಿಂದಲೂ ಬರೆದೇ ಇತ್ತು. ಯಾರು ಓದುತ್ತಾರೆ?

ನುಡಿ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅನುದಾನ ಕೇಳಿ ಒಂದು ಪತ್ರವನ್ನು ಇಮೇಲ್ ಮಾಡಿದ್ದೆವು. ಮರುದಿನ ಆ ಕಡೆಯ ಸಾಹೇಬರ ಫೋನು.

"ಏನ್ರೀ, ಯಾವ ಭಾಷೇಲಿ ಬರೆದಿದ್ದೀರಿ?"

"ಕನ್ನಡ ಸಾರ್."

"ನನಗೆ ಕನ್ನಡ ಬರುತ್ತೆ ಕಣ್ರೀ. ಇದೇನು ಅನುದಾನ ಪೌಂಡಲ್ಲಿ ಕೇಳಿದ ಹಾಗಿದೆ?"

ಅವರು ಹೇಳಿದ್ದು ತಪ್ಪಲ್ಲ. ನಾವು ಬಳಸುವ ಹಳೇ ನುಡಿ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇಲ್ಲ, ಇಂಗ್ಲಿಷಿನವರ ಮನೆಯಲ್ಲಿ ಬಾಡಿಗೆಗೆ ಇದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಬಾಗಿಲಿಗೆ ನಮ್ಮ ಬೋರ್ಡು ನೇತಾಡುತ್ತಿರುತ್ತದೆ. ಫಾಂಟ್ ಇಲ್ಲದ ಕಡೆ ಬಾಗಿಲು ಬಡಿದರೆ ಓನರೇ ಹೊರಗೆ ಬರುತ್ತಾನೆ. 'ನ' ಇರುವ ಮನೆಯ ಓನರು ಪೌಂಡಿನ ಗುರುತು. 'ಅನುದಾನ' ಅನ್ನೋ ಒಂದು ಪದದಲ್ಲೇ ಎರಡು ಪೌಂಡು. ಸುತ್ತಮುತ್ತ ತಲೆ ಮೇಲೆ ಓರೆ ಗೆರೆ ಇಟ್ಟುಕೊಂಡ 'ಎ'ಗಳ ಜಾತ್ರೆ. ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಜಾಗ ಕೊಡುವ ಯೂನಿಕೋಡ್ ಅನ್ನೋ ವ್ಯವಸ್ಥೆಯಲ್ಲಾದರೆ ಕನ್ನಡಕ್ಕೆ 128 ಸೈಟಿನ ಸ್ವಂತ ಬಡಾವಣೆಯೇ ಇದೆ, ಕೆಲವು ಸೈಟು ಇನ್ನೂ ಖಾಲಿ. ನುಡಿಯಲ್ಲೂ ಯೂನಿಕೋಡ್ ಇದೆ. ಮನೆ ಬದಲಾಯಿಸೋಕೆ ನಮಗೇ ಪುರುಸೊತ್ತಿಲ್ಲ. ಆವತ್ತು ಪತ್ರ ಪ್ರಿಂಟ್ ತೆಗೆದು, ಕಿಟಕಿ ಹತ್ತಿರ ಹಿಡಿದು ಫೋಟೋ ಹೊಡೆದು, ವಾಟ್ಸಾಪ್ ಮಾಡಿದೆವು. ಪಿಡಿಎಫ್ ಅಂತ ಒಂದಿದೆ ಅನ್ನೋದು ನೆನಪಾದದ್ದು ಬಸ್ಸಲ್ಲಿ ಮನೆಗೆ ಹೋಗುವಾಗ.

ದೀಪದ ರಹಸ್ಯ ತಿಳಿದ ಮೇಲೆ ಕೆಲವು ತಿಂಗಳು ನೆಮ್ಮದಿಯಾಗಿತ್ತು. ಆಮೇಲೆ ಮ್ಯಾನೇಜರ್ ಸಾಹೇಬ್ರಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅಂಗಡಿ ಹುಡುಗ ನುಡಿ ಹಾಕಿಕೊಟ್ಟು ಬೈಕ್ ಹತ್ತಿ ಹೋದ. ಸಾಹೇಬ್ರು ಕನ್ನಡ ಟೈಪ್ ಮಾಡೋಕೆ ಕೂತರೆ ಆ ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್ ಲಾಕ್ ಕೀಯೇ ಇಲ್ಲ. ಯಾರಿಗೂ ಬೇಡ ಅಂತ ತೆಗೆದುಹಾಕಿದ್ದಾರೆ. ಹೊಸ್ತಿಲೇ ಇಲ್ಲದ ಮೇಲೆ ಒಳಗೆ ಹೋಗೋದು ಹೇಗೆ?

ಹುಡುಕಾಡಿ ಪರದೆ ಮೇಲಿನ ಕೀಬೋರ್ಡ್ ತೆರೆದುಕೊಟ್ಟೆ. ಅದರಲ್ಲಿ ಆ ಕೀ ಇದೆ. ಮೌಸಿನಿಂದ ಅದನ್ನು ಕುಟ್ಟಿದರೆ ಕನ್ನಡ, ಮತ್ತೆ ಕುಟ್ಟಿದರೆ ಇಂಗ್ಲಿಷು. ಆದರೆ ಅದು ಪರದೆಯ ಅರ್ಧ ಜಾಗ ನುಂಗಿ ಕೂರುತ್ತದೆ. ಸಾಹೇಬ್ರು ಟೈಪ್ ಮಾಡಿದ ಪತ್ರ ಅದರ ಹಿಂದೆ ಎಲ್ಲೋ ಇರುತ್ತದೆ. ಮೂರು ದಿನ ತಡೆದುಕೊಂಡರು. ನಾಲ್ಕನೇ ದಿನ, "ಒಂದು ಬೇರೆ ಕೀಬೋರ್ಡೇ ತರಿಸ್ರೀ" ಅಂದರು. ಒಂದು ಕೀಗೋಸ್ಕರ ಒಂದು ಕೀಬೋರ್ಡ್, 550 ರೂಪಾಯಿ, ವೋಚರ್ ಬರೆದೆ.

ಆಡಿಟ್‌ನಲ್ಲಿ ಅದು ಸಿಕ್ಕಿಬಿತ್ತು. ಲಕ್ಷಗಟ್ಟಲೆ ಲೆಕ್ಕವನ್ನು ಸುಮ್ನೆ ತಿರುವಿ ಹಾಕಿದ ಆಡಿಟರು ಆ 550ರ ಹತ್ತಿರ ಪೆನ್ಸಿಲ್ ಊರಿ ನಿಂತರು. "ಕೀಬೋರ್ಡ್ ಸಹಿತ ಖರೀದಿಸಿದ ಲ್ಯಾಪ್‌ಟಾಪಿಗೆ ಮತ್ತೊಂದು ಕೀಬೋರ್ಡ್ ಖರೀದಿಸಿದ ಔಚಿತ್ಯವನ್ನು ತಿಳಿಸುವುದು." ನಾನು ಉತ್ತರ ಬರೆದೆ: "ಸದರಿ ಲ್ಯಾಪ್‌ಟಾಪಿನಲ್ಲಿ ಸದರಿ ಕೀ ಇಲ್ಲದ ಪ್ರಯುಕ್ತ ಕನ್ನಡ ಅನುಷ್ಠಾನಕ್ಕೆ ತೊಂದರೆಯಾಗಿದ್ದು..." ಕನ್ನಡ ಅನುಷ್ಠಾನ ಅನ್ನೋ ಎರಡು ಪದ ಓದಿದ ಮೇಲೆ ಅವರು ಮುಂದೆ ಏನೂ ಕೇಳಲಿಲ್ಲ.

ಈಗ ಬೆಳಗ್ಗೆ ಟೀ ತರುವಾಗ ಅಟೆಂಡರ್ ಅಣ್ಣ ಎಲ್ಲರ ಕೀಬೋರ್ಡಿನ ಬಲಮೂಲೆ ನೋಡಿಕೊಂಡೇ ಬರುತ್ತಾನೆ. "ಮೇಡಂ, ನಿಮ್ಮದು ಹೊತ್ತಿದೆ" ಅಂತ ಹೇಳಿ ಲೋಟ ಇಟ್ಟು ಮುಂದೆ ಹೋಗುತ್ತಾನೆ. ಮೇಡಂ ಒತ್ತಿ ಆರಿಸುತ್ತಾರೆ. ಮೊನ್ನೆ ಸಾಹೇಬ್ರ ಕೋಣೆಯಿಂದ ಅವನು ಟ್ರೇ ಹಿಡಿದುಕೊಂಡೇ ವಾಪಸ್ ಬಂದ.

"ಸಾರ್, ಆ ಹೊಸ ಕೀಬೋರ್ಡಲ್ಲಿ ಎರಡೇ ದೀಪ ಇರೋದು. ಮೂರನೇದು ಕೊಟ್ಟೇ ಇಲ್ಲ."

ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಸಾಹೇಬ್ರ ದನಿ ಕೇಳಿತು: "ರೀ, ಬನ್ರೀ ಇಲ್ಲಿ, ನನ್ನ ಶೀಟ್ ಓಡ್ತಾ ಇದೆ!"