ದುಡಿಯಲು ಬಂದವರ ಕಾರ್ಡ್ ಕೇಳುವ ಮೊದಲು

ನಮ್ಮ ಗ್ರೂಪಿಗೆ ಮತ್ತೆ ಅಂಥದೇ ಒಂದು ವಿಡಿಯೋ ಬಂದಿದೆ. ನಾಲ್ಕೈದು ಹುಡುಗರು ತಗಡಿನ ಶೆಡ್ಡುಗಳ ಮುಂದೆ ನಿಂತು, ಒಳಗಿದ್ದವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಆಧಾರ್ ತೋರಿಸು ಎನ್ನುತ್ತಾರೆ. ಸೆಂಟ್ರಿಂಗ್ ಕೆಲಸದಿಂದ ಆಗಷ್ಟೇ ಬಂದವನೊಬ್ಬ ಸಿಮೆಂಟು ಮೆತ್ತಿದ ಕೈಯಲ್ಲೇ ಚೀಲ ಹುಡುಕುತ್ತಾನೆ. ಕೆಳಗೆ ‘ಎಲ್ಲಾ ಬಾಂಗ್ಲಾದವರು, ಓಡಿಸಿ’ ಎಂದು ಬರೆದವರಲ್ಲಿ ನನಗೆ ತೀರಾ ಬೇಕಾದವರೂ ಇದ್ದಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಏನಾಯಿತು ಎಂಬುದನ್ನು ಮರೆತಿರಬಹುದು, ನೆನಪಿಸುತ್ತೇನೆ. ಅಲ್ಲಿ ಬಾಂಗ್ಲಾದೇಶಿಗಳು ಅಕ್ರಮವಾಗಿ ನೆಲೆಸಿದ್ದಾರೆ ಎಂಬ ವಿಡಿಯೋ ಹರಿದಾಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ಜೋಪಡಿಗಳನ್ನು ಕೆಡವಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾ ಕಡೆಯವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಮತದಾರರ ಚೀಟಿ, ಆಧಾರ್ ಹಿಡಿದು ‘ನಾವು ಈ ದೇಶದವರೇ’ ಎಂದು ಕ್ಯಾಮೆರಾಗಳ ಮುಂದೆ ತೋರಿಸಿದರು. ಕೊನೆಗೆ ಹೈಕೋರ್ಟ್ ಮಧ್ಯೆ ಬಂದು ತೆರವು ತಡೆಯಬೇಕಾಯಿತು. ತಗಡಿನ ಶೆಡ್ಡಿಗೆ ರಾಜ್ಯದ ಗಡಿ ಗೊತ್ತಿಲ್ಲ. ಒಂದೇ ಸಾಲಿನಲ್ಲಿ ಬಂಗಾಳದ ಮಾಲ್ಡಾದವನು, ಬಿಹಾರದ ಗಯಾದವನು, ನಮ್ಮ ಯಾದಗಿರಿ, ಲಿಂಗಸುಗೂರಿನವನು ವಾಸವಿರುತ್ತಾರೆ. ಹೊರಗಿನವರನ್ನು ಓಡಿಸಿ ಎಂದು ಕೂಗುವಾಗ ಯಾರ ಮನೆ ಮುರಿಯುತ್ತದೆ ಎಂದು ಕೂಗುವವರಿಗೂ ತಿಳಿದಿರುವುದಿಲ್ಲ.

ನನ್ನ ಊರು ಬಾದಾಮಿ ತಾಲ್ಲೂಕಿನದು. ಮಳೆ ಕೈಕೊಟ್ಟ ವರ್ಷ ಊರಿನ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಗೋವಾ, ರತ್ನಾಗಿರಿ, ಮಂಗಳೂರು ಎಂದು ಗುಳೆ ಹೋಗುತ್ತಿದ್ದರು. ಮುದುಕರು, ಶಾಲೆಗೆ ಹೋಗುವ ಮಕ್ಕಳು ಮಾತ್ರ ಊರಲ್ಲಿ. ನಮ್ಮ ಕಾಕಾ ಒಬ್ಬರು ವಾಸ್ಕೋದಲ್ಲಿ ಗೌಂಡಿ ಕೆಲಸಕ್ಕಿದ್ದರು. ಅಲ್ಲಿಯ ಜನ ‘ಘಾಟಿ’ (ಘಟ್ಟದಾಚೆಯವನು) ಎಂದು ಹೀಗಳೆದು ಕರೆಯುತ್ತಿದ್ದುದನ್ನು ಹೇಳುವಾಗ ಅವರ ದನಿ ಈಗಲೂ ಗಡುಸಾಗುತ್ತದೆ. ‘ಬರ್ರಿ ಅಂತ ಯಾರೂ ಕರೀಲಿಲ್ಲಪಾ, ಖರೆ. ಆದ್ರ ನಾವು ಹೋಗದಿದ್ರ ಅಲ್ಲಿ ಒಂದ್ ಗ್ವಾಡಿನೂ ಏಳ್ತಿರಲಿಲ್ಲ’ ಎನ್ನುತ್ತಾರೆ. ಅದೇ ವಾಸ್ಕೋದ ಬೈನಾದಲ್ಲಿ 2004ರ ಜೂನ್‌ನಲ್ಲಿ, ಸುರಿಯುವ ಮಳೆಗಾಲದಲ್ಲಿ, ಗುಡಿಸಲುಗಳನ್ನು ನೆಲಸಮ ಮಾಡಿದರು. 2015ರಲ್ಲಿ ಮತ್ತೆ ಕೆಡವಿದರು. ಎರಡು ಸಲವೂ ಕನ್ನಡಿಗರಿಗೆ ಅನ್ಯಾಯ ಎಂದು ಇಲ್ಲಿ ನಾವು ಸಿಟ್ಟಾದೆವು. ಆಗಬೇಕಾದದ್ದೇ. ಆ ಸಿಟ್ಟು ನ್ಯಾಯವಾದದ್ದು ಎಂದು ನಾನು ಇಂದಿಗೂ ನಂಬುತ್ತೇನೆ. ಅದೇ ನ್ಯಾಯವನ್ನು ನಮ್ಮ ಬೀದಿಯ ಶೆಡ್ಡಿಗೂ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ಇನ್ನು ‘ಅವರು ಬಂದು ನಮ್ಮವರ ಕೂಲಿ ಇಳಿಸಿದರು’ ಎಂಬ ಮಾತು. ಇದನ್ನು ಹೇಳುವವರನ್ನು ನಾನು ದ್ವೇಷಿಗಳು ಎಂದು ತಳ್ಳಿಹಾಕುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕೂಲಿಗಾಗಿ ವೃತ್ತದಲ್ಲಿ ನಿಂತು, ಒಂಬತ್ತಾದರೂ ಯಾರೂ ಕರೆಯದೆ ಬುತ್ತಿ ಸಮೇತ ಮನೆಗೆ ತಿರುಗುವವನ ಹೊಟ್ಟೆಯ ಮಾತು ಅದು. ಮೇಸ್ತ್ರಿ ಅವನನ್ನು ಬಿಟ್ಟು ಬಿಹಾರದ ಹುಡುಗನನ್ನು ಯಾಕೆ ಒಯ್ಯುತ್ತಾನೆ ಎಂದು ಮಾತ್ರ ನೋಡಬೇಕು. ಆ ಹುಡುಗ ಹೆಚ್ಚು ಶಕ್ತಿವಂತ ಎಂದಲ್ಲ. ಊರಲ್ಲಿ ಮುಂಗಡ ಪಡೆದು ಬಂದಿದ್ದಾನೆ, ರಜೆ ಕೇಳುವಂತಿಲ್ಲ. ಸೈಟಿನಲ್ಲೇ ಮಲಗುತ್ತಾನೆ, ರಾತ್ರಿ ಹನ್ನೊಂದಕ್ಕೆ ಸ್ಲ್ಯಾಬ್ ಹಾಕಬೇಕೆಂದರೂ ಎದ್ದು ಬರುತ್ತಾನೆ. ಬಟವಾಡೆಯಲ್ಲಿ ಮುರಿದುಕೊಂಡರೆ ದೂರು ಕೊಡಲು ಅವನಿಗೆ ಭಾಷೆ ಇಲ್ಲ, ಯೂನಿಯನ್ ಇಲ್ಲ, ಓಟೂ ಇಲ್ಲ. ಇಲ್ಲಿಯವನಿಗಾದರೆ ಕೂಲಿ ಬಾಕಿ ಉಳಿಸಿಕೊಂಡ ಮೇಸ್ತ್ರಿಯ ಮನೆ ಮುಂದೆ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕೂರುವ ಧೈರ್ಯವಿದೆ. ಆ ಧೈರ್ಯವೇ ಗುತ್ತಿಗೆದಾರನಿಗೆ ಬೇಡವಾದದ್ದು.

ಇದನ್ನು ಸರಿಮಾಡುವ ದಾರಿ ಹೊಸದಾಗಿ ಹುಡುಕಬೇಕಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು: ಒಂದೇ ಬಗೆಯ ಕೆಲಸಕ್ಕೆ ಸ್ಥಳೀಯನಿಗೆ ಎಷ್ಟು ಕೂಲಿಯೋ, ಹೊರರಾಜ್ಯದವನಿಗೂ ಅಷ್ಟೇ ಕೊಡಬೇಕು. ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಪ್ರಯಾಣ ಭತ್ಯೆ ಕೊಡಬೇಕು, ವಾಸಕ್ಕೆ ತಕ್ಕ ಜಾಗ ಒದಗಿಸಬೇಕು. ಐದು ಜನ ವಲಸೆ ಕಾರ್ಮಿಕರಿದ್ದರೆ ಸಾಕಿತ್ತು, ಕಾಯ್ದೆ ಅನ್ವಯಿಸುತ್ತಿತ್ತು. ಅದನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸುವಾಗ ಆ ಐದನ್ನು ಹತ್ತಕ್ಕೆ ಏರಿಸಿದರು. ಎಂಟು ಜನರನ್ನಿಟ್ಟುಕೊಂಡು ಮನೆ ಕಟ್ಟಿಸುವ ಸಣ್ಣ ಕಂಟ್ರಾಕ್ಟರ್ ಹೊರಗೇ ಉಳಿದ. ಇದರ ವಿರುದ್ಧ ನಮ್ಮ ಗ್ರೂಪಿನಲ್ಲಿ ಒಂದೇ ಒಂದು ಸಾಲೂ ಬರಲಿಲ್ಲ. ಬಿಹಾರಿಯನ್ನು ಅಗ್ಗಕ್ಕೆ ದುಡಿಸಿಕೊಳ್ಳಲು ಆಗದಂತೆ ಮಾಡಿದರೆ ಮಾತ್ರ ಬಾಗಲಕೋಟೆಯವನ ಕೂಲಿ ಉಳಿಯುತ್ತದೆ. ಸ್ಥಳೀಯರಿಗೆ ಕೆಲಸ ಸಿಗಬೇಕು ಎನ್ನುವ ಸಂಘಟನೆಗಳು ಮೊದಲು ಕಾರ್ಮಿಕ ಇಲಾಖೆಯ ಬಾಗಿಲು ಬಡಿಯಬೇಕಿತ್ತು. ಶೆಡ್ಡಿನ ಬಾಗಿಲು ಬಡಿಯುವುದು ಸುಲಭ, ಏಕೆಂದರೆ ಅಲ್ಲಿ ಎದುರು ಮಾತಾಡುವವರಿಲ್ಲ.

ಇವರು ನಮಗೆ ಎಷ್ಟು ಬೇಕು ಎಂಬುದೂ ಒಮ್ಮೆ ಬಯಲಾಗಿದೆ. ಕೊರೊನಾ ಲಾಕ್‌ಡೌನ್ ನಡುವೆ, 2020ರ ಮೇ 5ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ ಊರಿಗೆ ಹೊರಟಿದ್ದ ಕಾರ್ಮಿಕರ ರೈಲುಗಳು ಬೇಡ ಎಂದು ಸರ್ಕಾರ ರೈಲ್ವೆಗೆ ತಿಳಿಸಿತು. ಕೆಲಸ ಮತ್ತೆ ಶುರುವಾಗಬೇಕಿತ್ತು, ಕೈಗಳು ಬೇಕಿದ್ದವು. ದೇಶದಾದ್ಯಂತ ಟೀಕೆ ಬಂದ ಮೇಲೆ ಎರಡೇ ದಿನಗಳಲ್ಲಿ ನಿರ್ಧಾರ ಬದಲಾಯಿತು, ರೈಲು ಹೊರಟವು. ಅನ್ನವಿಲ್ಲದೆ, ಕೂಲಿಯಿಲ್ಲದೆ ವಾರಗಟ್ಟಲೆ ಕೂತವರಿಗೆ ‘ನೀವು ಹೋಗುವಂತಿಲ್ಲ’ ಎಂದ ಊರು ನಮ್ಮದು. ಹೋಗಬೇಡಿ ಎನ್ನುವುದೂ, ಹೊರಟುಹೋಗಿ ಎನ್ನುವುದೂ ನಮ್ಮ ಅನುಕೂಲ ನೋಡಿಕೊಂಡೇ ಆದರೆ, ಅವರನ್ನು ಮನುಷ್ಯರೆಂದು ನಾವು ಎಣಿಸುವುದು ಯಾವಾಗ?

ಭಾಷೆಯ ವಿಷಯಕ್ಕೆ ಬರುತ್ತೇನೆ, ಹೆಚ್ಚು ಜಗಳ ಆಗುವುದು ಅಲ್ಲೇ. ಕನ್ನಡ ನಾಡಿನಲ್ಲಿ ಬಾಳುವವರು ಕನ್ನಡ ಕಲಿಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಹದಿನೈದು ವರ್ಷ ಇಲ್ಲೇ ಇದ್ದು, ಲಕ್ಷಗಟ್ಟಲೆ ಸಂಬಳ ಪಡೆದು, ‘ಎಷ್ಟಾಯಿತು’ ಎಂದು ಕೇಳಲೂ ಬಾರದವರ ಮೇಲೆ ನನಗೂ ಬೇಸರವಿದೆ. ಆದರೆ ಆ ಬೇಸರ ಅವರ ಗೇಟೆಡ್ ಲೇಔಟಿನ ಒಳಗೆ ಹೋಗಲಾರದೆ, ಗೇಟಿನಲ್ಲಿ ನಿಂತ ಒಡಿಶಾದ ಸೆಕ್ಯುರಿಟಿ ಹುಡುಗನ ಮೇಲೆ, ಪಾನಿಪುರಿ ಗಾಡಿಯವನ ಮೇಲೆ ತಿರುಗುತ್ತದೆ. ವಾಸ್ತವದಲ್ಲಿ ಬೇಗ ಕನ್ನಡ ಕಲಿಯುವವರು ಇವರೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋಗಿ ನೋಡಿ, ಎರಡು ಕೊಯ್ಲು ಮುಗಿಸಿದ ಅಸ್ಸಾಮಿನ ಹೆಂಗಸರು ತೋಟದ ಲೆಕ್ಕ ಬರೆಯುವ ರೈಟರ ಜೊತೆ ಕೆ.ಜಿ. ಲೆಕ್ಕಕ್ಕೆ ಕನ್ನಡದಲ್ಲೇ ವಾದ ಮಾಡುತ್ತಾರೆ.

ಕೇರಳದಲ್ಲಿ 2017ರಲ್ಲಿ ಪೆರುಂಬಾವೂರಿನಲ್ಲಿ ‘ಚಂಗಾತಿ’ ಎಂಬ ಕಾರ್ಯಕ್ರಮ ಶುರುಮಾಡಿ, ವಲಸೆ ಕಾರ್ಮಿಕರಿಗೆ ಮಲಯಾಳಂ ಓದಲು ಬರೆಯಲು ಕಲಿಸಿದರು. ಅದಕ್ಕೆಂದೇ ಪಠ್ಯಪುಸ್ತಕ ಬರೆಸಿದರು. ಕೇರಳದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ, ಅಲ್ಲಿಯೂ ಶೋಷಣೆ ಇದೆ, ಅನುಮಾನ ಇದೆ. ಆದರೂ ಕಲಿಯಿರಿ ಎಂದವರು ಕಲಿಸಲೂ ಕೂತರು. ನಮ್ಮಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಬರುತ್ತದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಯಾವ ರಾಜ್ಯದವನೂ ಅದರಲ್ಲಿ ಹೆಸರು ನೋಂದಾಯಿಸಬಹುದು. ಆ ಹಣದಲ್ಲಿ ದೊಡ್ಡ ಸೈಟುಗಳಲ್ಲಿ ಸಂಜೆ ಒಂದು ಗಂಟೆ ಕನ್ನಡ ಪಾಠ ನಡೆಸಲಿ. ಕನ್ನಡ ಪರ ಸಂಘಟನೆಗಳ ಹುಡುಗರೇ ಮೇಷ್ಟ್ರಾಗಲಿ, ನಾನೂ ಬರುತ್ತೇನೆ.

ಅಕ್ರಮವಾಗಿ ಗಡಿ ದಾಟಿ ಬಂದವರ ಕಥೆ ಏನು ಎಂದು ಕೇಳುವಿರಿ. ಅದಕ್ಕೆ ಪೊಲೀಸರಿದ್ದಾರೆ, ಕಾನೂನಿದೆ, ನ್ಯಾಯಾಲಯವಿದೆ. ಮೊಬೈಲ್ ಹಿಡಿದ ಹುಡುಗರಿಗೆ ಆ ಅಧಿಕಾರವಿಲ್ಲ. ಬಂಗಾಳಿ ಮಾತಾಡಿದ ಮಾತ್ರಕ್ಕೆ ಒಬ್ಬ ಪರದೇಶಿ ಆಗುವುದಿಲ್ಲ. ವದಂತಿಗೆ ಎಷ್ಟು ಬಲವಿದೆ ಎಂದು 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಂಡಿದ್ದೇವೆ. ಬರೀ ಎಸ್ಸೆಮ್ಮೆಸ್ಸಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದರು.

ಕೊನೆಯದಾಗಿ ಮಕ್ಕಳ ಮಾತು. ಇವರ ಮಕ್ಕಳು ಹೋಗುವುದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ. ನಮ್ಮ ಮಕ್ಕಳನ್ನು ನಾವೇ ಬಿಡಿಸಿಕೊಂಡು ಬಂದ ಶಾಲೆಗಳವು. ನೇಪಾಳದ, ಬಿಹಾರದ ಮಕ್ಕಳು ಅಲ್ಲಿ ಕುಳಿತು ಕಾಗುಣಿತ ಬರೆಯುತ್ತಿದ್ದಾರೆ. ಆದರೆ ಸೈಟು ಮುಗಿದ ಕೂಡಲೇ ಅಪ್ಪ ಅಮ್ಮ ಇನ್ನೊಂದು ಬಡಾವಣೆಗೆ ಹೋಗುತ್ತಾರೆ, ಅಲ್ಲಿ ಟಿ.ಸಿ. ಎಲ್ಲಿ ಎಂದು ಕೇಳುತ್ತಾರೆ, ಮಗು ಮನೆಯಲ್ಲೇ ಉಳಿಯುತ್ತದೆ. ಟಿ.ಸಿ. ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮ್ಮ ಬಡಾವಣೆಯಲ್ಲಿ ಕಟ್ಟಡ ಏಳುತ್ತಿದ್ದರೆ, ಅಲ್ಲಿ ಮರಳ ರಾಶಿಯ ಮೇಲೆ ಆಡುವ ಮಕ್ಕಳಿದ್ದರೆ, ಹತ್ತಿರದ ಶಾಲೆಯ ಹೆಡ್‌ಮಾಸ್ತರರನ್ನು ಈ ವಾರವೇ ಕಂಡು ಮಾತಾಡಿ. ನಮ್ಮ ಬೀದಿಯ ಸೈಟಿನ ಮಕ್ಕಳ ಬಗ್ಗೆ ನಾನು ಮಾತಾಡಲು ಹೋಗುತ್ತಿದ್ದೇನೆ, ಜೊತೆಗೆ ಬರುವವರು ಕೆಳಗೆ ಹೆಸರು ಹಾಕಿ.